ಕೊಬ್ಬರಿ ಗೋದಾಮಿನಲ್ಲಿ ನಾಟಕ: ತಾಲೀಮು ಮಾಡುವುದು ಹೇಗೆ?

ನಮ್ಮ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಗುಬ್ಬಿ ಸೀಮೆಯಲ್ಲಿ ಹಳೆಯ ಕೊಬ್ಬರಿ ಗೋದಾಮುಗಳಿವೆ. ಎತ್ತರದ ಗೋಡೆ, ಮೇಲೆ ಹಂಚು ಇಲ್ಲವೇ ಶೀಟು, ಒಳಗೆ ಸಾಲು ಕಂಬ, ಕಂಬದ ಮೇಲೆ ಅಟ್ಟ. ಅಟ್ಟದ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಇಳಿಯುವುದನ್ನು ನೋಡಿದರೆ ಯಾವ ನಿರ್ದೇಶಕರಿಗೂ 'ಇಲ್ಲೇ ನಾಟಕ ಮಾಡೋಣ' ಅನ್ನಿಸುತ್ತದೆ. ಮಾಡಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಜಾಗವನ್ನು ನಾವು ಆರಿಸುವುದು ಕಣ್ಣಿನಿಂದ, ನಾಟಕ ಕೆಡುವುದು ಕಿವಿಯಲ್ಲಿ. ಕಾಣಿಸದಿದ್ದರೆ ಎರಡು ಬೆಂಚು, ನಾಲ್ಕು ಲೈಟು ಹಾಕಿ ಸರಿ ಮಾಡಬಹುದು. ಮಾತು ಕೇಳಿಸದಿದ್ದರೆ ಕೊನೆ ಗಳಿಗೆಯಲ್ಲಿ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಇಲ್ಲಿ ತಾಲೀಮಿನ ಬಹುತೇಕ ಹಂತಗಳನ್ನು ಕಿವಿಯಿಂದಲೇ ಶುರು ಮಾಡಿದ್ದೇನೆ.

ಗೋದಾಮು ಇಲ್ಲಿ ಉದಾಹರಣೆ ಅಷ್ಟೇ. ನಿಮಗೆ ಸಿಕ್ಕಿರುವುದು ನಿಂತುಹೋದ ಅಕ್ಕಿ ಗಿರಣಿ ಇರಬಹುದು, ಶಿಡ್ಲಘಟ್ಟದ ಹಳೆ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆ) ಇರಬಹುದು, ಕೋಲಾರದ ಯಾವುದೋ ಮಂಡಿ, ಊರಾಚೆಯ ಕಣ. ಕ್ರಮ ಹೆಚ್ಚುಕಡಿಮೆ ಇದೇ.

ಇದನ್ನೆಲ್ಲ ಹೊಸ ಪ್ರಯೋಗ ಅಂತ ಬೀಗುವ ಅಗತ್ಯವೂ ಇಲ್ಲ. ನಮ್ಮ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದವರು ಗುಡಿ ಮುಂದಿನ ಬಯಲಲ್ಲಿ ಬೆಳಗಿನವರೆಗೆ ಆಡಿದವರು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಊರೂರಿಗೆ ಕ್ಯಾಂಪು ಹೂಡಿ ಬೆಳೆದದ್ದು. ಕುರುಕ್ಷೇತ್ರ ನಾಟಕಕ್ಕೆ ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ರಾತ್ರಿ ಬಯಲಲ್ಲೇ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ. ಮುಚ್ಚಿದ ಸಭಾಂಗಣ, ಎದುರಿಗೆ ಸಾಲು ಕುರ್ಚಿ ಅನ್ನುವುದೇ ನಮ್ಮ ಕಡೆ ಈಚಿನದು, ಅಲ್ವಾ?

ಜಾಗ ಕೇಳುವ ಮುಂಚೆ ಒಂದು ಇಡೀ ದಿನ ಕೂರಿ

ಸ್ಕ್ರಿಪ್ಟ್ ಬೇಡ, ನಟರು ಬೇಡ. ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಸಾಕು. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಆ ಜಾಗದಲ್ಲಿ ಇರಿ. ಕೇಳಿಸಿದ ಸದ್ದನ್ನೆಲ್ಲ ಗಂಟೆಯ ಜೊತೆ ಬರೆಯಿರಿ. ಬೆಂಗಳೂರು–ಅರಸೀಕೆರೆ ರೈಲು ಮಾರ್ಗ ಹತ್ತಿರ ಇದ್ದರೆ ರೈಲು ಎಷ್ಟು ಹೊತ್ತಿಗೆ ಕೂಗಿತು ಅಂತ ಬರೆಯಿರಿ. ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಪಕ್ಕದ ತೋಟದ ಮೋಟಾರು, ಹಿಟ್ಟಿನ ಗಿರಣಿ ಎರಡೂ ಶುರುವಾಗುತ್ತವೆ. ಅದು ಪಾಳಿ ಮೇಲೆ ಬರುವುದರಿಂದ ಈ ವಾರದ ಹೊತ್ತು ಮುಂದಿನ ವಾರಕ್ಕೆ ಇರುತ್ತದೆ ಅನ್ನುವಂತಿಲ್ಲ, ಲೈನ್‌ಮ್ಯಾನ್ ಹತ್ತಿರ ಕೇಳಿಕೊಳ್ಳಿ. ಸಂಜೆ ಗುಡಿಯ ಮೈಕು ಇರುತ್ತದೆ. ಮಸೀದಿಯ ಸಂಜೆ ಆಜಾನ್ ಸೂರ್ಯ ಮುಳುಗಿದ ತಕ್ಷಣ ಬರುತ್ತದೆ, ಆದ್ದರಿಂದ ಅದರ ಹೊತ್ತು ಋತುವಿನ ಜೊತೆ ಸರಿಯುತ್ತದೆ. ನಮ್ಮ ಕಡೆ ನವೆಂಬರ್ ಕೊನೆಯಲ್ಲಿ 6 ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ. ಜೂನ್ ಕೊನೆಯಲ್ಲಿ ಆರೂ ಮುಕ್ಕಾಲರ ಹತ್ತಿರ. ಜೂನ್‌ನಲ್ಲಿ ತಾಲೀಮು ಮಾಡಿ ನವೆಂಬರ್‌ನಲ್ಲಿ ನಾಟಕ ಇಟ್ಟುಕೊಂಡರೆ ನಿಮ್ಮ ಲೆಕ್ಕವೆಲ್ಲ ಹೆಚ್ಚುಕಡಿಮೆ ಒಂದು ಗಂಟೆ ಹಿಂದೆ ಹೋಗಿರುತ್ತದೆ.

ಇನ್ನು ಗೋದಾಮಿನ ಒಳಗಿನ ಸದ್ದು. ಅಟ್ಟದ ಮೇಲೆ ಇಲಿ, ಹೆಗ್ಗಣ. ಹಂಚಿನ ಮೇಲೆ ಪಾರಿವಾಳ. ಮಧ್ಯಾಹ್ನದ ಕಾವಿಗೆ ಶೀಟು ಟಪ್ ಟಪ್ ಅನ್ನುವುದು, ಹೊತ್ತು ಇಳಿದು ತಣ್ಣಗಾಗುವಾಗ ಇನ್ನೊಮ್ಮೆ. ನೀವು ಗಂಭೀರ ದೃಶ್ಯವನ್ನು ಸಂಜೆ ಆರೂವರೆಗೆ ಇಟ್ಟುಕೊಂಡಿದ್ದರೆ ಈ ಟಪ್ ಟಪ್ ಸರಿಯಾಗಿ ಅಲ್ಲಿಗೆ ಬಂದು ಸೇರುತ್ತದೆ.

ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ. ತಾಲೀಮಿನ ವೇಳಾಪಟ್ಟಿ, ಪ್ರದರ್ಶನದ ಹೊತ್ತು, ಯಾವ ದೃಶ್ಯ ಎಷ್ಟು ನಿಮಿಷಕ್ಕೆ ಬರಬೇಕು ಅನ್ನುವುದೆಲ್ಲ ಇದರ ಮೇಲೆ ನಿಲ್ಲುತ್ತದೆ.

ಯಜಮಾನರ ಹತ್ತಿರ ಏನು ಕೇಳಬೇಕು

ಬಾಡಿಗೆ ಎಷ್ಟು ಅನ್ನುವುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ: 'ಅಣ್ಣಾ, ಅಟ್ಟದ ಕಾಯಿ ಯಾವಾಗ ಇಳಿಸ್ತೀರಿ?'

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಎಂಟು ತಿಂಗಳಿಂದ ಒಂದು ವರ್ಷ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ. ಸಾವಿರಾರು ಕಾಯಿ ನಾರಿನ ಹೊದಿಕೆಯ ಜೊತೆ ಮೇಲೆ ಹರಡಿರುವಾಗ ಅಟ್ಟವೇ ಸದ್ದನ್ನು ನುಂಗುತ್ತದೆ. ಮಾತು ಒಣಗಿದ ಹಾಗೆ, ಸ್ಪಷ್ಟವಾಗಿ ಕೇಳುತ್ತದೆ. ಕಾಯಿ ಇಳಿಸಿದ ಮಾರನೇ ದಿನ ಅದೇ ಗೋದಾಮು ಗಂವ್ ಅನ್ನುತ್ತದೆ. ರೇಟು ಏರಿದರೆ ಯಜಮಾನರು ನಿಮ್ಮ ನಾಟಕ ನೋಡಿಕೊಂಡು ಕೂರುತ್ತಾರೆಯೇ? ಇಳಿಸುತ್ತಾರೆ, ಇಳಿಸಲೇಬೇಕು. ಆದ್ದರಿಂದ ಪ್ರದರ್ಶನದ ದಿನ ಅಟ್ಟ ತುಂಬಿರುತ್ತದೋ ಖಾಲಿ ಇರುತ್ತದೋ ಅನ್ನುವುದನ್ನು ಕೇಳಿಕೊಳ್ಳಿ. ಎರಡಕ್ಕೂ ಸಿದ್ಧರಾಗಿರುವುದು ಇನ್ನೂ ಒಳ್ಳೆಯದು.

ಯಜಮಾನರು ಒಪ್ಪಿದರೆ ಅರ್ಧ ಕೆಲಸ ಆಯಿತು. ಅಲ್ಲಿ ಕಾಯಿ ಸುಲಿಯುವವರು, ಕೊಬ್ಬರಿ ಆರಿಸುವ ಹೆಂಗಸರು ಇದ್ದಾರಲ್ಲ, ಅವರನ್ನೂ ಕೇಳಿ. ಅವರು ಮೂಟೆ ಇಡುವ ಮೂಲೆ, ಊಟಕ್ಕೆ ಕೂರುವ ಜಾಗ, ಚಪ್ಪಲಿ ಬಿಡುವ ಕಡೆ, ಇವನ್ನು ನೀವು ಮುಟ್ಟುವಂತಿಲ್ಲ. ಮುಟ್ಟಬೇಕಾದರೆ ಕೇಳಿ ಮುಟ್ಟಿ. ಯಾವ ಕಂಬ ಅಲುಗಾಡುತ್ತದೆ, ಎಲ್ಲಿ ಚೇಳು ಬರುತ್ತದೆ ಅನ್ನುವುದು ಯಜಮಾನರಿಗಿಂತ ಅವರಿಗೆ ಜಾಸ್ತಿ ಗೊತ್ತು.

ಹಳೆಯ ದೇವಸ್ಥಾನ, ಕೋಟೆಯ ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ನಂದಿಯ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ ಇವೆಲ್ಲ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಒಂದು ಸಂಜೆಯ ಪ್ರದರ್ಶನಕ್ಕೇ ಅನುಮತಿ ಬೇಕು, ತಿಂಗಳ ತಾಲೀಮಿನ ಮಾತು ಬಿಡಿ. ಊರಿನವರ ಕೈಯಲ್ಲಿರುವ ಜಾಗ ನೋಡಿಕೊಳ್ಳುವುದೇ ಜಾಣತನ.

ಚಪ್ಪಾಳೆ, ಪಿಸುಮಾತು, ಕಂದ

ಈಗ ಕಿವಿಯ ಪರೀಕ್ಷೆ. ಮೂರು ಜನ ಸಾಕು.

ಮೊದಲು ಚಪ್ಪಾಳೆ. ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ, ಸುಮ್ಮನಾಗಿ. ಸದ್ದು ಎಳೆದುಕೊಂಡು ಹೋದರೆ ಅದು ಗುಂಯ್‌ಗುಡುವ ಜಾಗ. ಬೇರೆಯಾಗಿ ಎರಡನೇ ಚಪ್ಪಾಳೆ ಕೇಳಿದರೆ ಅದು ಪ್ರತಿಧ್ವನಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಗೋಡೆ ಸುಮಾರು 17 ಮೀಟರ್, ಅಂದರೆ 55 ಅಡಿಗಿಂತ ದೂರ ಇದ್ದಾಗ ವಾಪಸ್ ಬಂದ ಸದ್ದು ಕಿವಿಗೆ ಬೇರೆಯಾಗಿ ಗೊತ್ತಾಗುತ್ತದೆ. ಉದ್ದದ ಗೋದಾಮುಗಳಲ್ಲಿ ಈ ತೊಂದರೆ ಸಾಮಾನ್ಯ. ನಾಟಕವನ್ನು ಉದ್ದಕ್ಕೆ ಆಡುವ ಬದಲು ಅಡ್ಡಕ್ಕೆ ತಿರುಗಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಆಮೇಲೆ ಪಿಸುಮಾತು. ಒಬ್ಬರು ಒಂದೇ ಕಡೆ ನಿಂತು ಕೇಳಲಿ, ಇನ್ನೊಬ್ಬರು ಪಿಸುಗುಡುತ್ತಾ ಅವರಿಂದ ನಿಧಾನಕ್ಕೆ ದೂರ ನಡೆಯಲಿ. ಎಲ್ಲಿ ಕೇಳುವುದು ನಿಂತಿತೋ ಅಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ. ಹೀಗೆ ನಾಲ್ಕು ದಿಕ್ಕಿಗೂ ಮಾಡಿದರೆ ಒಂದು ಸೊಟ್ಟ ಸುತ್ತು ಸಿಗುತ್ತದೆ. ಗುಟ್ಟಿನ ಮಾತು, ಅಳು, ನಿಟ್ಟುಸಿರು ಎಲ್ಲ ಆ ಸುತ್ತಿನ ಒಳಗೇ ಆಗಬೇಕು. ಅದರಾಚೆ ಎಷ್ಟೇ ಚೆನ್ನಾಗಿ ಅಭಿನಯಿಸಿದರೂ ಮೂಕಿ.

ಮೂರನೆಯದು ನಮ್ಮ ಜಿಲ್ಲೆಗೆ ಸುಲಭವಾಗಿ ಸಿಗುವ ಸೌಲಭ್ಯ. ಊರಿನಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಇರುತ್ತಾರೆ. ಅವರನ್ನು ಕರೆದುಕೊಂಡು ಬನ್ನಿ, ಗೋದಾಮಿನಲ್ಲಿ ಓಡಾಡುತ್ತಾ ಒಂದು ಕಂದ (ನಾಟಕದಲ್ಲಿ ರಾಗವಾಗಿ ಹಾಡುವ ಪದ್ಯ) ಹಾಡಿಸಿ. ಎಲ್ಲಿ ನಿಂತರೆ ದನಿ ಏಳುತ್ತದೆ, ಎಲ್ಲಿ ಕೂರುತ್ತದೆ ಅನ್ನುವುದನ್ನು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಮೈಕ್ ಇಲ್ಲದ ಬಯಲಲ್ಲಿ ದುರ್ಯೋಧನನ ಪಾತ್ರ ಕಲಿಸಿದವರ ಕಿವಿ ಅದು. ಆಧುನಿಕ ನಾಟಕದವರು ಇವರನ್ನು ಯಾಕೆ ದೂರ ಇಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಗುಂಯ್‌ಗುಡುವ ಜಾಗಕ್ಕೆ ಮದ್ದು ಅಲ್ಲೇ ಇರುತ್ತದೆ. ಗೋಣಿಚೀಲ, ನಾರಿನ ಮೂಟೆ, ಜಮಖಾನ. ಇವನ್ನು ನಟರ ಬೆನ್ನ ಹಿಂದೆ ಇಡುವುದಕ್ಕಿಂತ ಪ್ರೇಕ್ಷಕರ ಬೆನ್ನ ಹಿಂದಿನ ಗೋಡೆಗೆ ಇಡಿ. ಅಲ್ಲಿಂದಲೇ ಸದ್ದು ವಾಪಸ್ ಬರುವುದು. ಜನ ತುಂಬಿದರೆ ಸದ್ದು ಇನ್ನೂ ಇಳಿಯುತ್ತದೆ, ಯಾಕೆಂದರೆ ಮೈ, ಬಟ್ಟೆ ಎಲ್ಲವೂ ಸದ್ದು ಹೀರುತ್ತವೆ. ಖಾಲಿ ಗೋದಾಮಿನಲ್ಲಿ ಭರ್ಜರಿ ಅನ್ನಿಸಿದ ದನಿ ನೂರು ಜನ ಕೂತಾಗ ಸಣ್ಣದಾಗುತ್ತದೆ ಅನ್ನುವುದನ್ನು ನಟರಿಗೆ ಮೊದಲ ವಾರವೇ ಹೇಳಿಡಿ.

ಪ್ರೇಕ್ಷಕರನ್ನು ಮೊದಲು ಕೂರಿಸಿ, ಆಮೇಲೆ ನಟರನ್ನು ನಿಲ್ಲಿಸಿ

ರಂಗಮಂದಿರದಲ್ಲಿ ಇದು ಯಾರೋ ಮೊದಲೇ ಮಾಡಿಟ್ಟ ಕೆಲಸ. ಇಲ್ಲಿ ನಿಮ್ಮದು. ಜಮಖಾನದ ಮೇಲೆ ಕೂರುವ ಒಬ್ಬರಿಗೆ ಸುಮಾರು 6 ಚದರ ಅಡಿ ಅಂತ ಇಟ್ಟುಕೊಳ್ಳಿ. ನೂರು ಜನಕ್ಕೆ 600 ಚದರ ಅಡಿ, ಓಡಾಡುವ ದಾರಿ ಬೇರೆ. ನೆಲದ ಮೇಲೆ ಕೂತವರ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಕುರ್ಚಿಯ ಮೇಲೆ ನಾಲ್ಕಡಿ. ಹಾಗಾಗಿ ಮುಂದೆ ಜಮಖಾನ, ಅದರ ಹಿಂದೆ ಬೆಂಚು, ಕೊನೆಗೆ ನಿಲ್ಲುವವರು. ನಟರು ನೆಲದ ಮೇಲೆ ಬಿದ್ದು ಹೊರಳಾಡುವ ದೃಶ್ಯ ಮೂರನೇ ಸಾಲಿನವರಿಗೇ ಕಾಣುವುದಿಲ್ಲ. ಅದನ್ನು ಮೂಟೆಯ ಮೇಲಕ್ಕೋ ಜಗುಲಿಯ ಮೇಲಕ್ಕೋ ಎತ್ತಿ.

ಕಂಬಗಳ ವಿಷಯದಲ್ಲಿ ಜಗಳ ಬೇಡ. ಪ್ರತಿ ಆಸನಕ್ಕೂ ಯಾವುದೋ ಒಂದು ಕಂಬ ಅಡ್ಡ ಬಂದೇ ಬರುತ್ತದೆ. ನಟರು ಒಂದೇ ಕಡೆ ಐದು ನಿಮಿಷ ನಿಲ್ಲದಂತೆ ನೋಡಿಕೊಂಡರೆ ಆಯಿತು.

ಅಳತೆ ಮಾಡಿ ಕಾಗದದ ಮೇಲೆ ನಕ್ಷೆ ಬರೆಯಿರಿ. ಕಂಬ, ಬಾಗಿಲು, ಕಿಟಕಿ, ಸ್ವಿಚ್ಚು, ಪಿಸುಮಾತಿನ ಸುತ್ತು, ಪ್ರೇಕ್ಷಕರ ಜಾಗ ಎಲ್ಲ ಅದರಲ್ಲಿರಲಿ.

ಸ್ಕ್ರಿಪ್ಟಿಗೆ ಹೆಜ್ಜೆ ಲೆಕ್ಕ ಹಾಕಿ

ಮಾಮೂಲಿ ನಡಿಗೆಯಲ್ಲಿ ಸೆಕೆಂಡಿಗೆ ನಾಲ್ಕಡಿ ಹೋಗುತ್ತೇವೆ. ಹಿಂಬಾಗಿಲಿನಿಂದ ನಡುವಿಗೆ 60 ಅಡಿ ಇದ್ದರೆ ಪಾತ್ರ ಒಳಗೆ ಬಂದು ಮಾತು ಶುರು ಮಾಡಲು 15 ಸೆಕೆಂಡು. ರಂಗಮಂದಿರದಲ್ಲಿ ಪಕ್ಕದ ಮರೆಯಿಂದ, ಅಂದರೆ ಸೈಡ್ ವಿಂಗ್‌ನಿಂದ, ಎರಡು ಹೆಜ್ಜೆಗೆ ಬರುತ್ತಿದ್ದವರು ಇಲ್ಲಿ 15 ಸೆಕೆಂಡು ಎಲ್ಲರ ಕಣ್ಣೆದುರು ನಡೆಯಬೇಕು. ಆ ಹೊತ್ತನ್ನು ಏನು ಮಾಡುತ್ತೀರಿ? ಹಾಡು ಇಡಬಹುದು. ಮುಂದಿನ ಮಾತನ್ನು ನಡೆಯುತ್ತಲೇ ಶುರು ಮಾಡಬಹುದು. ಇಲ್ಲವೇ ಹಿಂದಿನ ದೃಶ್ಯ ಮುಗಿಯುವ ಮೊದಲೇ ಹೊರಡಬಹುದು. ಸ್ಕ್ರಿಪ್ಟಿನ ಪ್ರತಿ ಪ್ರವೇಶ, ನಿರ್ಗಮನದ ಪಕ್ಕದಲ್ಲಿ ಸೆಕೆಂಡು ಬರೆದು, ಯಾವ ಉಪಾಯ ಅಂತಲೂ ಬರೆದಿಡಿ. ಒಂದು ನಾಟಕದಲ್ಲಿ 40 ಸಲ ಓಡಾಟ ಇದ್ದರೆ ಒಟ್ಟು ಹತ್ತು ನಿಮಿಷ ನಡಿಗೆಯಲ್ಲೇ ಹೋಗುತ್ತದೆ.

ಸೈಡ್ ವಿಂಗ್ ಇಲ್ಲ ಅಂದಮೇಲೆ ಪ್ರಾಂಪ್ಟರ್ ಎಲ್ಲಿ? ಮಾತು ಕೊಡುವವರನ್ನು ಮೂಟೆ ಹಿಂದೆ ಅಡಗಿಸುವ ಪ್ರಯತ್ನ ಬೇಡ. ಗುಂಯ್‌ಗುಡುವ ಜಾಗದಲ್ಲಿ ಅವರ ದನಿ ನಟರಿಗಿಂತ ಮೊದಲು ಪ್ರೇಕ್ಷಕರಿಗೆ ಮುಟ್ಟುತ್ತದೆ. ಮಾತು ಪೂರ್ತಿ ಬಾಯಿಪಾಠ ಆಗಲೇಬೇಕು, ಅದೂ ಪ್ರದರ್ಶನಕ್ಕೆ ಎರಡು ವಾರ ಮುಂಚೆ. ಪ್ರವೇಶದ ಸೂಚನೆಗೆ ಕೆಂಪು ಜೆಲಟಿನ್ ಹಾಳೆ ಸುತ್ತಿದ ಸಣ್ಣ ಟಾರ್ಚ್ ಸಾಕು. ಮೊಬೈಲ್ ನಂಬಬೇಡಿ, ದಪ್ಪ ಗೋಡೆಯ ಒಳಗೆ ಸಿಗ್ನಲ್ ಹೋಗುತ್ತದೆ.

ನಲವತ್ತು ದಿನದ ತಾಲೀಮು: ಒಳಗೆ, ಹೊರಗೆ, ಮತ್ತೆ ಒಳಗೆ

ಹೊಸ ತಂಡಗಳು ಸಾಮಾನ್ಯವಾಗಿ ಹೀಗೆ ಮಾಡುತ್ತವೆ: ಒಂದು ತಿಂಗಳು ಶಾಲೆಯ ಕೊಠಡಿಯಲ್ಲಿ ನಾಟಕ ಸಿದ್ಧ ಮಾಡಿ, ಕೊನೆಯ ಎರಡು ದಿನ ಗೋದಾಮಿಗೆ ಸಾಗಿಸುತ್ತವೆ. 20 ಅಡಿಯ ಕೊಠಡಿಯಲ್ಲಿ ಕಲಿತ ದನಿ, ಕಲಿತ ನೋಟ, ಕಲಿತ ನಡಿಗೆ ಮೈಗೆ ಹತ್ತಿಬಿಟ್ಟಿರುತ್ತದೆ. ಎರಡು ದಿನದಲ್ಲಿ ಅದು ಬಿಡುವುದಿಲ್ಲ.

ಮೊದಲ ವಾರ ಗೋದಾಮಿನಲ್ಲೇ ಇರಲಿ. ನಾಟಕದ ಮೊದಲ ಓದನ್ನು ಅಲ್ಲೇ ಮಾಡಿ. ಸುತ್ತ ಕೂತು ಓದುವ ಬದಲು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂತು ಓದಿ. ದೂರದಿಂದ ಮಾತಿಗೆ ಉತ್ತರ ಕೊಡುವಾಗ ದನಿ ತಾನಾಗಿ ಹಿಗ್ಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಈ ವಾರ ಅಭಿನಯ ತಿದ್ದುವ ಗೋಜಿಗೆ ಹೋಗಬೇಡಿ. ಕತ್ತಲಲ್ಲಿ ಒಂದು ಸಂಜೆ, ನಡು ಮಧ್ಯಾಹ್ನ ಒಂದು ದಿನ ಓಡಾಡಲಿ. ಯಾವ ದೃಶ್ಯ ಯಾವ ಮೂಲೆಗೆ ಅನ್ನುವುದು ಚರ್ಚೆಗಿಂತ ಓಡಾಟದಲ್ಲಿ ಬೇಗ ತೀರ್ಮಾನವಾಗುತ್ತದೆ.

ಎರಡರಿಂದ ನಾಲ್ಕನೇ ವಾರದವರೆಗೆ ಹೊರಗೆ ಬನ್ನಿ. ಶಾಲಾ ಮೈದಾನ, ಸಮುದಾಯ ಭವನ, ತೋಟದ ಖಾಲಿ ಜಾಗ, ಯಾವುದಾದರೂ ಸರಿ. ಆದರೆ ಗೋದಾಮಿನ ಪೂರ್ತಿ ಅಳತೆ ಅಲ್ಲಿರಬೇಕು. ಗೂಟ ಹೊಡೆದು ಹಗ್ಗ ಎಳೆಯಿರಿ. ಮಾರು ಹಾಕಿ ಅಳೆದರೂ ನಡೆಯುತ್ತದೆ, ಒಂದು ಮಾರು ಅಂದರೆ ಸುಮಾರು ಆರಡಿ. ಕಂಬ ಇರುವ ಕಡೆ ಗಳ ನೆಡಿ ಇಲ್ಲವೇ ನೀರಿನ ಕ್ಯಾನ್ ಇಡಿ. ಮಣ್ಣಿನ ಮೇಲೆ ಟೇಪು ನಿಲ್ಲುವುದಿಲ್ಲ, ರಂಗೋಲಿ ಪುಡಿ ಹಾಕಿ, ದಿನಾ ಹಾಕಬೇಕಾಗುತ್ತದೆ. ಪಾತ್ರ, ಸಂಬಂಧ, ಮಾತಿನ ಅರ್ಥ, ಹಾಡು ಎಲ್ಲ ತಿದ್ದುವ ಕೆಲಸ ಇಲ್ಲಿ. ವಾರಕ್ಕೊಮ್ಮೆ ಮಾತ್ರ ಇಡೀ ತಂಡ ಗೋದಾಮಿಗೆ ಹೋಗಿ, ಆ ವಾರ ಕಟ್ಟಿದ್ದನ್ನು ಒಮ್ಮೆ ಆಡಿ ಬರಲಿ. ಹೊರಗೆ ಬರುವುದಕ್ಕೆ ಇನ್ನೊಂದು ಕಾರಣ ಧೂಳು. ನಾರಿನ ಪುಡಿಯಲ್ಲಿ ತಿಂಗಳಿಡೀ ಕಿರುಚಿದರೆ ಯಾವ ಗಂಟಲೂ ಉಳಿಯುವುದಿಲ್ಲ.

ಕೊನೆಯ ಹತ್ತು ಹನ್ನೆರಡು ದಿನ ಮತ್ತೆ ಒಳಗೆ, ಪ್ರದರ್ಶನದ ಹೊತ್ತಿಗೇ. ಏಳು ಗಂಟೆಗೆ ನಾಟಕ ಅಂದರೆ ತಾಲೀಮೂ ಏಳಕ್ಕೆ. ಬೆಳಗ್ಗೆ ಹತ್ತಕ್ಕೆ ಎಲ್ಲರೂ ಫ್ರೀ ಇದ್ದಾರೆ ಅಂತ ಆಗ ಮಾಡಿದರೆ ಆ ಹೊತ್ತಿನ ಸದ್ದಿಗೆ ಹೊಂದಿಕೊಂಡಿರುತ್ತೀರಿ, ಸಂಜೆಯದಕ್ಕಲ್ಲ.

ದನಿಯ ಕೆಲಸ

ಕನ್ನಡದ ವಾಕ್ಯದಲ್ಲಿ ತೂಕವೆಲ್ಲ ಕೊನೆಯಲ್ಲಿ. 'ನಾನು ಆ ಮನೆಗೆ ಕಾಲಿಡಲ್ಲ' ಅನ್ನುವಾಗ ಕೊನೆಯ 'ಲ್ಲ' ನುಂಗಿದರೆ ಪಾತ್ರ ಹೋಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಕೆಲಸ ಮಾಡಿದವರು ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಆಗಿದ್ದೋ ಆಗಬೇಕಾದ್ದೋ, ಎಲ್ಲ ಕ್ರಿಯಾಪದದ ಬಾಲದಲ್ಲಿದೆ. ಆದರೆ ಉಸಿರು ಮುಗಿಯುವುದೂ ಅಲ್ಲೇ! ನಟರು ವಾಕ್ಯವನ್ನು ಜೋರಾಗಿ ಶುರು ಮಾಡಿ ಕೊನೆಯಲ್ಲಿ ಇಳಿಸಿಬಿಡುತ್ತಾರೆ. ಸಣ್ಣ ಕೊಠಡಿಯಲ್ಲಿ ನಡೆಯುತ್ತದೆ. ಗೋದಾಮಿನಲ್ಲಿ ಮೊದಲ ಪದದ ಗುಂಯ್ ಇನ್ನೂ ಇರುವಾಗಲೇ ಕೊನೆಯ ಪದ ಅದರಡಿ ಹೂತುಹೋಗುತ್ತದೆ.

ಇದಕ್ಕೊಂದು ಅಭ್ಯಾಸ. ಇಬ್ಬರು ನಟರು 40 ಅಡಿ ದೂರದಲ್ಲಿ ನಿಂತು ದೃಶ್ಯ ಹೇಳಲಿ. ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ಒಬ್ಬರು ಕೂತು ಪ್ರತಿ ಮಾತಿನ ಕೊನೆಯ ಪದವನ್ನು ಮಾತ್ರ ಬರೆದುಕೊಳ್ಳಲಿ. ನಾಟಕ ಗೊತ್ತಿಲ್ಲದವರು ಆದರೆ ಒಳ್ಳೆಯದು, ಗೊತ್ತಿದ್ದವರು ಊಹಿಸಿ ಬರೆದುಬಿಡುತ್ತಾರೆ. ಆಮೇಲೆ ಸ್ಕ್ರಿಪ್ಟಿನ ಜೊತೆ ತಾಳೆ ನೋಡಿ. ತಪ್ಪಿದ ಕಡೆಯೆಲ್ಲ ಗುರುತು ಹಾಕಿ, ಮಾರನೇ ದಿನ ಅದೇ ದೃಶ್ಯ. ಕಿರುಚುವುದು ಇದಕ್ಕೆ ಪರಿಹಾರವಲ್ಲ, ಕಿರುಚಿದಷ್ಟೂ ಗುಂಯ್ ಜಾಸ್ತಿ. ನಿಧಾನ ಮಾಡಿ. ಒತ್ತಕ್ಷರಕ್ಕೆ ಪೂರ್ತಿ ಒತ್ತು ಕೊಡಿ. ವಾಕ್ಯದ ನಡುವೆ ಉಸಿರು ತೆಗೆದುಕೊಂಡು ಬಾಲಕ್ಕೆ ಉಳಿಸಿಕೊಳ್ಳಿ.

ಕಾಲರ್ ಮೈಕ್ ಹಾಕಿದರೆ ಆಯಿತಲ್ಲ ಅನ್ನುವವರಿದ್ದಾರೆ. ನನ್ನ ಅಭಿಪ್ರಾಯ: ಬೇಡ. ಗುಂಯ್‌ಗುಡುವ ಜಾಗದಲ್ಲಿ ಸ್ಪೀಕರ್ ಹಾಕಿದರೆ ಗುಂಯ್ ಕೂಡ ದೊಡ್ಡದಾಗುತ್ತದೆ. ಜೊತೆಗೆ ಮಾತು ಆ ಮೂಲೆಯ ನಟರಿಂದ ಬರದೆ ಈ ಮೂಲೆಯ ಡಬ್ಬಿಯಿಂದ ಬಂದರೆ ಪ್ರೇಕ್ಷಕರಿಗೆ ಯಾರು ಮಾತಾಡಿದರು ಅಂತ ಹುಡುಕುವುದೇ ಕೆಲಸ. ಇಷ್ಟು ಹತ್ತಿರ ಜನರನ್ನು ಕೂರಿಸಿಕೊಂಡು ಮೈಕ್ ಹಾಕುವುದಾದರೆ ರಂಗಮಂದಿರವೇ ಬುಕ್ ಮಾಡಬಹುದಿತ್ತು. ಬಯಲಲ್ಲಿ ಐನೂರು ಜನಕ್ಕೆ ಆಡುವುದಾದರೆ ಮಾತು ಬೇರೆ. ಆಗ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇದೆ ಅನ್ನುವುದನ್ನೂ ನೆನಪಿಡಿ.

ಹಾರ್ಮೋನಿಯಂ, ತಬಲಾ ಇಟ್ಟ ಕಡೆ ಅಡಿಗೆ ಎರಡು ಗೋಣಿ ಮಡಿಸಿ ಹಾಕಿ. ಹಿಮ್ಮೇಳ ಗೋಡೆಯ ಮೂಲೆಯಲ್ಲಿ ಬೇಡವೇ ಬೇಡ. ಮೂಲೆಯಲ್ಲಿ ತಬಲಾದ ಡಗ್ಗ ಎರಡರಷ್ಟು ಕೇಳುತ್ತದೆ.

ಗಂಟಲಿನ ವಿಷಯ. ಕಸ ಗುಡಿಸಿದ ತಕ್ಷಣ ದನಿಯ ಅಭ್ಯಾಸ ಮಾಡಬೇಡಿ. ಮಧ್ಯಾಹ್ನವೇ ನೀರು ಚಿಮುಕಿಸಿ ಗುಡಿಸಿಟ್ಟರೆ ಸಂಜೆಗೆ ಧೂಳು ಕೂತಿರುತ್ತದೆ, ನೆಲವೂ ಒಣಗಿರುತ್ತದೆ. ತಾಲೀಮಿಗೆ ಮುಂಚೆ ಬೋಂಡ, ಮಿರ್ಚಿ ತರಿಸುವ ಪದ್ಧತಿ ಎಲ್ಲ ತಂಡದಲ್ಲೂ ಇದೆ. ಅದನ್ನು ಮುಗಿದ ಮೇಲಕ್ಕೆ ಹಾಕಿ. ಬಿಸಿನೀರಿನ ಫ್ಲಾಸ್ಕ್ ಮಾತ್ರ ಮುಂಚೆ.

ಬೆಳಕು, ಕರೆಂಟು, ಬೆಂಕಿ

ಹಳೆ ಗೋದಾಮಿನ ವೈರಿಂಗ್ ಎರಡು ಬಲ್ಬಿಗೆ ಹಾಕಿದ್ದು. ಸಾವಿರ ವ್ಯಾಟ್‌ನ ನಾಲ್ಕು ಹ್ಯಾಲೋಜನ್ ಹಚ್ಚಿದರೆ 230 ವೋಲ್ಟ್‌ನಲ್ಲಿ 17 ಆಂಪಿಯರ್ ಮೇಲೆ ಎಳೆಯುತ್ತದೆ. ಫ್ಯೂಸ್ ಹೋದರೆ ಪುಣ್ಯ, ವೈರು ಸುಟ್ಟರೆ ಕಷ್ಟ. ಎಲ್‌ಇಡಿ ಲೈಟ್ ಬಳಸಿ, ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಬೋರ್ಡ್ ಎಳೆಸಿ. ಜಾಸ್ತಿ ಲೈಟು ಬೇಕೇ ಬೇಕು ಅಂದರೆ ಬೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ. ಜನರೇಟರ್ ತರುವುದಾದರೆ ದೂರ ಇಡಿಸಿ, ಅದನ್ನು ಒಂದು ತಾಲೀಮಿನಲ್ಲಿ ಓಡಿಸಿಯೇ ನೋಡಿ. ಕಿವಿಗೆ ಅದರದೂ ಒಂದು ಪಾಲು ಇರುತ್ತದೆ.

ನಾರು, ಸಿಪ್ಪೆ, ಎಣ್ಣೆ ಅಂಶದ ಕೊಬ್ಬರಿ, ಒಣ ಮರ. ಬೆಂಕಿಗೆ ಇನ್ನೇನು ಬೇಕು? ಒಳಗೆ ಬೀಡಿ ಸಿಗರೇಟು ಇಲ್ಲ. ನಾಟಕದಲ್ಲಿ ದೀಪ, ಪಂಜು, ಆರತಿ ಏನೇ ಇದ್ದರೂ ಬೆಂಕಿ ನಿಜದ್ದಾಗಬಾರದು, ಅದು ಎಷ್ಟೇ ಚಂದ ಕಂಡರೂ. ಈ ವಿಷಯದಲ್ಲಿ ನಿರ್ದೇಶಕರ ಹಟಕ್ಕೆ ಬೆಲೆ ಕೊಡಬೇಡಿ. ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್, ತೆರೆದಿಟ್ಟ ಎರಡು ಬಾಗಿಲು ತಾಲೀಮಿನ ದಿನಗಳಲ್ಲೂ ಇರಲಿ. ಅಟ್ಟದ ಮೇಲೆ ನಟರನ್ನು ಹತ್ತಿಸುವ ಆಸೆ ಬಿಡಿ. ಅದು ಹರಡಿದ ಕಾಯಿಯ ಭಾರಕ್ಕೆ ಮಾಡಿದ್ದು, ಒಂದೇ ಕಡೆ ಕುಣಿಯುವ ಕಾಲಿಗಲ್ಲ. ಸಿಪ್ಪೆ ರಾಶಿಗೆ ಕತ್ತಲಲ್ಲಿ ಕೈ ಹಾಕುವಂತಿಲ್ಲ. ಚೇಳು ಕಚ್ಚಿದರೆ, ಹಾವು ಕಂಡರೆ ಯಾರ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಬೇಕು ಅನ್ನುವುದು ಮೊದಲ ದಿನವೇ ತೀರ್ಮಾನವಾಗಿರಲಿ. 108 ಆಂಬುಲೆನ್ಸ್ ಬರುವವರೆಗೆ ಕಾಯಲಾಗದ ದೂರದ ಊರುಗಳೂ ಇವೆ.

ನೋಡಲು ಬರುವವರು, ಮನೆಗೆ ಹೋಗಬೇಕಾದವರು

ಊರಿನಲ್ಲಿ ತಾಲೀಮು ಅಂದರೆ ಜನ ಬಂದೇ ಬರುತ್ತಾರೆ. ಮಕ್ಕಳು, ಅಜ್ಜಂದಿರು, ಕೆಲಸ ಮುಗಿಸಿದ ಹೆಂಗಸರು. ಹಿಂದೆ ನಾಟಕದ ತಾಲೀಮು ನೋಡುತ್ತಲೇ ಊರಿಗೆಲ್ಲ ಕಂದಗಳು ಬಾಯಿಗೆ ಬರುತ್ತಿದ್ದವು. ಓಡಿಸಬೇಡಿ. ಎಲ್ಲಿ ಮಕ್ಕಳು ಮಾತಾಡಲು ಶುರು ಮಾಡಿದರು, ಎಲ್ಲಿ ಅಜ್ಜ ಕಿವಿಗೆ ಕೈ ಹಿಡಿದರು ಅಂತ ಬರೆದುಕೊಳ್ಳಿ. ಅಷ್ಟು ಒಳ್ಳೆ ವಿಮರ್ಶೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಕಷ್ಟದ, ನಾಚಿಕೆಯ ದೃಶ್ಯ ಕಟ್ಟುವ ದಿನ ನೋಡುವವರು ಬೇಡ ಅನ್ನುವ ಹಕ್ಕು ನಟರಿಗಿದೆ. 'ಇವತ್ತೊಂದು ದಿನ ಬಿಟ್ಟುಬಿಡಿ ಅಜ್ಜಾ, ನಾಳೆ ಬನ್ನಿ' ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗೋದಾಮಿನಲ್ಲಿ ಶೌಚಾಲಯ ಇರುವುದು ಅಪರೂಪ. ಹೆಣ್ಣುಮಕ್ಕಳು ತಂಡದಲ್ಲಿದ್ದರೆ ಇದು ಮೊದಲ ದಿನವೇ ಬಗೆಹರಿಯಬೇಕು. ಹತ್ತಿರದ ಮನೆಯವರನ್ನು ಕೇಳಿ, ಬಟ್ಟೆ ಬದಲಿಸಲು ಬೋಲ್ಟ್ ಇರುವ ಕೋಣೆ ಗೊತ್ತು ಮಾಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ತಿಳಿದು ಅದಕ್ಕೆ ಅರ್ಧ ಗಂಟೆ ಮುಂಚೆ ತಾಲೀಮು ನಿಲ್ಲಿಸಿ. 'ಇನ್ನೊಂದೇ ಸಲ ಮಾಡೋಣ' ಅನ್ನುವ ನಿರ್ದೇಶಕರು ಬಿಡುವವರೆಗೆ ಬಸ್ಸು ಕಾಯುವುದಿಲ್ಲ. ಊರಿನ ನಾಟಕಗಳಿಗೆ ನಟಿಯರು ಸಿಗುವುದಿಲ್ಲ ಅಂತ ದೂರುವ ತಂಡಗಳು ಈ ಎರಡು ವಿಷಯ ಸರಿ ಮಾಡಿಕೊಂಡು ಆಮೇಲೆ ಮಾತಾಡಲಿ.

ಮಳೆಯದೂ ಒಂದು ತಾಲೀಮು

ತುಮಕೂರು ಸೀಮೆಗೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ತಿಂಗಳ ಸಂಜೆ ಗುಡುಗು ಮಳೆ ಬೇರೆ. ಹಂಚಿನ ಮೇಲೆ ಬಿದ್ದರೆ ತಡೆಯಬಹುದು. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಆಗ ಏನು ಮಾಡಬೇಕು ಅನ್ನುವುದನ್ನು ಆಡಿ ನೋಡಿರಬೇಕು. ನಿಲ್ಲಿಸುವ ಸನ್ನೆ ಯಾರು ಕೊಡುತ್ತಾರೆ, ನಟರು ಎಲ್ಲಿ ಕೂರುತ್ತಾರೆ, ಹಿಮ್ಮೇಳದವರು ಯಾವ ಹಾಡು ಎತ್ತುತ್ತಾರೆ, ಮಳೆ ನಿಂತ ಮೇಲೆ ಯಾವ ಮಾತಿನಿಂದ ಮತ್ತೆ ಶುರು. ತಾಲೀಮಿನ ನಡುವೆ ಹೇಳದೆ ಕೇಳದೆ ಒಬ್ಬರು 'ಮಳೆ!' ಅಂತ ಕೂಗಲಿ, ಎಲ್ಲರೂ ಅದನ್ನು ಮಾಡಿ ತೋರಿಸಲಿ. ರೈಲಿಗೂ ಆಜಾನ್‌ಗೂ ಇದೇ ರೀತಿ ಸಣ್ಣ ನಿಲುಗಡೆ ಗೊತ್ತು ಮಾಡಿಕೊಳ್ಳಿ. ಸದ್ದಿನ ಮೇಲೆ ದನಿ ಏರಿಸಿ ಗೆದ್ದವರಿಲ್ಲ.

ಕೊನೆಯ ನಾಲ್ಕು ದಿನ

ಒಂದು ದಿನ ಬೆಳಕು, ಸೂಚನೆಗಳಿಗೆ ಮಾತ್ರ. ಮಾತಿಲ್ಲದೆ, ಪ್ರವೇಶ ನಿರ್ಗಮನ ಮಾತ್ರ ಓಡಿಸಿ. ಇನ್ನೊಂದು ದಿನ ಪೂರ್ತಿ ವೇಷ ಹಾಕಿ. ಜರಿ ಪಂಚೆ, ಕಿರೀಟ, ಗೆಜ್ಜೆ, ಎಲ್ಲಕ್ಕೂ ಅದರದೇ ಸದ್ದು ಇದೆ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ ನಟರ ಕಿವಿಯನ್ನೇ ಮುಚ್ಚುತ್ತದೆ. ಮೂರನೇ ದಿನ ಸುಮಾರು 30 ಜನರನ್ನು ಕರೆದು ಪ್ರೇಕ್ಷಕರ ತಾಲೀಮು ಮಾಡಿ. ಚಪ್ಪಲಿ ಎಲ್ಲಿ, ನೀರು ಎಲ್ಲಿ, ತಡವಾಗಿ ಬಂದವರು ಯಾವ ಬಾಗಿಲಿಂದ, ಅಳುವ ಮಗುವನ್ನು ಎತ್ತಿಕೊಂಡ ತಾಯಿ ಎಲ್ಲಿಂದ ಹೊರಗೆ ಹೋಗಬೇಕು. ಪ್ರೇಕ್ಷಕರು ಜಾಗ ಬದಲಿಸುವ ನಾಟಕ ಆದರೆ ಇದು ಇನ್ನೂ ಮುಖ್ಯ: ಅವರನ್ನು ಕರೆದೊಯ್ಯುವವರಿಗೂ ಒಂದು ಪಾತ್ರದಷ್ಟೇ ತಾಲೀಮು ಬೇಕು. ಆ 30 ಜನ ಎದ್ದು ಹೋಗುವಾಗ 'ಹೇಗಿತ್ತು' ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. 'ಯಾವ ಮಾತು ಕೇಳಿಸಲಿಲ್ಲ' ಅಂತ ಕೇಳಿ. ನಾಲ್ಕನೇ ದಿನ ಆ ಮಾತುಗಳಿಗೆ ಮೀಸಲು.

ಬಿಟ್ಟುಕೊಡುವುದು

ಮೊದಲ ದಿನವೇ ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆದಿಡಿ. ಮೂಟೆಗಳು ಎಲ್ಲೆಲ್ಲಿ ಇದ್ದವು ಅನ್ನುವುದರದೂ ಒಂದು. ನಾಟಕ ಮುಗಿದ ಮಾರನೇ ಬೆಳಗ್ಗೆ ಕೆಲಸದವರು ಬರುವುದಕ್ಕೆ ಮುಂಚೆ ಗೋಣಿ ಇಳಿಸಿ, ಸುಣ್ಣದ ಗುರುತು ತೊಳೆದು, ಮೂಟೆಗಳನ್ನು ಫೋಟೋ ನೋಡಿಕೊಂಡು ಮೊದಲಿದ್ದ ಜಾಗಕ್ಕೇ ಇಡಿ. ಮೊಳೆ ಹೊಡೆದಿದ್ದರೆ ಒಂದೊಂದನ್ನೂ ಕೀಳಿ, ಕಾಯಿ ಸುಲಿಯುವವರು ಬರಿಗಾಲಲ್ಲಿ ಓಡಾಡುತ್ತಾರೆ. ಮೀಟರ್ ಮತ್ತೆ ನೋಡಿ ಯೂನಿಟ್ ಲೆಕ್ಕ ಹಾಕಿ ದುಡ್ಡು ಕೊಡಿ. ಬೀಗದ ಕೈಯನ್ನು ಯಾರದೋ ಕೈಯಲ್ಲಿ ಕಳಿಸದೆ ನೀವೇ ಯಜಮಾನರಿಗೆ ಕೊಟ್ಟು ಬನ್ನಿ.